ಭೀಮಾತೀರದಲ್ಲಿ ರೋಮನರು ನೆಲಸಿದ್ದರೇ?

ಸನ್ನತಿಯ ಚಂದ್ರಲಾಂಬೆ ಯಾದಗಿರಿ, ಶಹಾಪುರ, ಸುರಪುರಗಳ ಅನೇಕ ಮನೆತನಗಳಿಗೆ ಮನೆದೇವರು. ಭೀಮಾನದಿಯ ದಡದಲ್ಲಿರುವ ಆ ಗುಡಿಗೆ ನೀವೂ ಹೋಗಿ ಬಂದಿರಬಹುದು. ಅದರ ಸುತ್ತಲಿನ ಹೊಲಗಳ ಕೆಳಗೆ ಶಾತವಾಹನರ ಕಾಲದ ದೊಡ್ಡ ಪಟ್ಟಣವೊಂದು ಹುದುಗಿದೆ. ರಣಮಂಡಲವೆಂದು ಕರೆಯುವ ಕೋಟೆಯ ನೆಲೆಯೂ ಕನಗನಹಳ್ಳಿಯ ಮಹಾಸ್ತೂಪವೂ ಅದರವೇ. ಆ ಕಾಲದಲ್ಲಿ ಪೈಠಣದಿಂದಲೂ ತಗರದಿಂದಲೂ ಸರಕು ಬಂಡಿಗಳಲ್ಲಿ ಭರುಕಚ್ಛದ ಬಂದರಿಗೆ ಇಳಿಯುತ್ತಿತ್ತೆಂದು ಗ್ರೀಕ್ ಭಾಷೆಯ ವರ್ತಕನೊಬ್ಬನು ಬರೆದಿಟ್ಟಿದ್ದಾನೆ. ಅಲ್ಲಿಂದ ಅದು ಹಡಗೇರಿ ರೋಮ್ ಸಾಮ್ರಾಜ್ಯಕ್ಕೆ ಹೋಗುತ್ತಿತ್ತು. ಹಾಗಾದರೆ ನಮ್ಮ ಭೀಮೆಯ ದಡದಲ್ಲಿಯೂ ರೋಮನರು ಮನೆ ಕಟ್ಟಿಕೊಂಡು ಇದ್ದರೇ?

ಹೀಗೆ ಕೇಳುವವರು ಮೊದಲು ನೆನೆಯುವುದು ನಾಣ್ಯವನ್ನು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಹೈದರಾಬಾದಿಗೆ ಪಡುವಲಿರುವ ಕೊಂಡಾಪುರದಲ್ಲಿ ಇನ್ನೂ ಸ್ವಾರಸ್ಯವಾದ ವಸ್ತು ಸಿಕ್ಕಿತು: ರೋಮನ್ ನಾಣ್ಯದ ಅಚ್ಚನ್ನೇ ಹೋಲುವಂತೆ ಸುಟ್ಟ ಮಣ್ಣಿನಲ್ಲಿ ಮಾಡಿದ ಬಿಲ್ಲೆಗಳು, ಕೊರಳಿಗೆ ಕಟ್ಟಿಕೊಳ್ಳುವ ಸಲುವಾಗಿ. ಚಿನ್ನ ಬೆಳ್ಳಿ ಎಟುಕದವರು ಮಣ್ಣಿನಲ್ಲೇ ಆಸೆ ತೀರಿಸಿಕೊಂಡರೆಂದು ತೋರುತ್ತದೆ.

ಇದು ನಮಗೆ ಹೊಸತೇನಲ್ಲ. ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಪುತಳಿ ಸರವಿದ್ದರೆ ತೆಗೆದು ನೋಡಿ. ಪುತ್ಥಳಿಯೆಂದರೆ ಬೊಂಬೆ, ನಾಣ್ಯದ ಮೇಲಿನ ಮನುಷ್ಯಾಕೃತಿಯಿಂದ ಆ ಹೆಸರು ಬಂತು. ಮೂಲ ಪುತಳಿಯು ಇಟಲಿಯ ವೆನಿಸ್ ನಗರದ ಚಿನ್ನದ ನಾಣ್ಯ. ಮಂಡಿಯೂರಿದ ಅಲ್ಲಿನ ಅಧಿಪತಿ, ಎದುರಿಗೆ ಅವರ ಸಂತ ಮಾರ್ಕ. ನಮ್ಮ ಅಕ್ಕಸಾಲಿಗರು ಅದನ್ನು ಅನುಕರಿಸಿ ಸಾವಿರಾರು ಬಿಲ್ಲೆ ಒತ್ತಿದರು. ಅಷ್ಟರಿಂದಲೇ ಸುರಪುರದಲ್ಲಿ ವೆನಿಸಿನವರ ಕೇರಿಯಿತ್ತೆಂದು ಯಾರಾದರೂ ಹೇಳಿದರೆ ನಗುವುದಿಲ್ಲವೇ?

ಮಡಕೆಯ ಚೂರು ನಾಣ್ಯಕ್ಕಿಂತ ನಂಬಿಕೆಗೆ ಅರ್ಹ. ಒಡೆದ ಮಡಕೆಯನ್ನು ಯಾರೂ ಊರಿಂದೂರಿಗೆ ಹೊತ್ತು ತಿರುಗುವುದಿಲ್ಲ. ಆದರೆ ಅಲ್ಲಿಯೂ ಎಚ್ಚರ ಬೇಕು. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಅಗೆದ ಮಾರ್ಟಿಮರ್ ವೀಲರ್ ಅವರಿಗೆ ಇಟಲಿಯ ಕೆಂಪು ತಟ್ಟೆಗಳೂ ದ್ರಾಕ್ಷಾರಸದ ಹಿಡಿಕೆಯ ಕೊಡಗಳೂ ದೊರೆತವು. ಅವುಗಳೊಡನೆ ಸಿಕ್ಕ, ಒಳಗೆ ಚುಕ್ಕೆಯ ಬಳೆಗಳಿರುವ ತಟ್ಟೆಗಳನ್ನೂ ಅವರು ಪಶ್ಚಿಮದ ಸರಕೆಂದೇ ಎಣಿಸಿದರು. ಅಂಥವೇ ಚಂದ್ರವಳ್ಳಿಯಲ್ಲಿಯೂ ಇವೆ. ಮುಂದೆ ಮಣ್ಣನ್ನು ಪರೀಕ್ಷಿಸಲಾಗಿ, ಈ ಚುಕ್ಕೆಯ ತಟ್ಟೆಗಳು ಭಾರತದ ಕುಂಬಾರರ ಕೆಲಸವೆಂದು ತಿಳಿದುಬಂತು!

ಇನ್ನು 'ಯವನ' ಎಂಬ ಶಬ್ದ. ಕಾರ್ಲೆಯ ಗುಹೆಗಳಲ್ಲಿ ಕಂಬಗಳನ್ನು ದಾನಮಾಡಿದ ಯವನರ ಹೆಸರುಗಳುಂಟು. ಅವರು ಬೌದ್ಧ ಸಂಘಕ್ಕೆ ಕೊಟ್ಟವರು, ಹೆಸರುಗಳೂ ಈ ನೆಲದವೇ. ಯವನನೆಂದೊಡನೆ ರೋಮನನೆಂದು ತಿಳಿಯಲಾಗದು.

ಪರದೇಶದಲ್ಲಿ ನೆಲಸಿದವನು ಊಟದ ರೂಢಿಯನ್ನು ಸುಲಭವಾಗಿ ಬಿಡುವುದಿಲ್ಲ. ಆದುದರಿಂದ ವಸತಿಯ ಗುರುತು ಅಡುಗೆಮನೆಯಲ್ಲಿ: ಎಣ್ಣೆ, ಮೀನಿನ ರಸಗಳ ಕೊಡಗಳು, ಅವರ ದೀಪಗಳು, ಪಾತ್ರೆಯ ಮೇಲೆ ಅವರ ಲಿಪಿಯಲ್ಲಿ ಗೀಚಿದ ಹೆಸರು, ಇವೆಲ್ಲ ಒಂದೇ ಪದರದಲ್ಲಿ ಕೂಡಿ ಬರಬೇಕು. ಸನ್ನತಿ, ಕನಗನಹಳ್ಳಿಗಳ ನೂರಾರು ಶಾಸನಗಳು ಹೇಳುವುದಾದರೋ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ. 'ರಾಯ ಅಸೋಕೋ' ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವು ಅಲ್ಲಿಯೇ ಬೆಳಕಿಗೆ ಬಂತು. ರೋಮಿನವರನ್ನು ಎರವಲು ತಂದು ಈ ಪಟ್ಟಣದ ಗೌರವವನ್ನು ಹೆಚ್ಚಿಸಬೇಕಾಗಿಲ್ಲವೆಂದೇ ನನ್ನ ಎಣಿಕೆ.

ನನಗಿರುವ ಚಿಂತೆ ಬೇರೆ. 1986ರಲ್ಲಿ ಚಂದ್ರಲಾಂಬೆಯ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಮೂರ್ತಿಯನ್ನು ನಿಲ್ಲಿಸಲು ಹಿಂದೆಂದೋ ಅದರ ನಡುವೆ ತೂತು ಕೊರೆದಿದ್ದರು. ಆ ಅಕ್ಷರಗಳು ಹೋದವು. ನಿಧಿಯ ಆಸೆಗೆ ದಿಬ್ಬವನ್ನು ಅಗೆದರೂ ಹೀಗೆಯೇ. ಪದರ ಕಲಸಿಹೋದರೆ, ನಾಳೆ ನಿಜವಾಗಿಯೇ ಒಂದು ರೋಮನ್ ಕೊಡ ಸಿಕ್ಕಿದರೂ ಅದು ಯಾರ ಮನೆಯದೆಂದು ಹೇಳಲಾಗದು. ನಿಮ್ಮ ಹೊಲದಲ್ಲಿ ನೇಗಿಲಿಗೆ ನಾಣ್ಯವೋ ಬರಹದ ಚೂರೋ ತಗುಲಿದರೆ, ಸಿಕ್ಕ ಜಾಗಕ್ಕೆ ಗೂಟ ನೆಟ್ಟು ತಹಶೀಲ್ದಾರರಿಗೆ ತಿಳಿಸಿ. ಹುಣಸೆಹಣ್ಣು ಹಚ್ಚಿ ಬೆಳಗಲು ಮಾತ್ರ ಹೋಗಬೇಡಿ.