ಬಿಳಿಚಿದ ಹವಳ ಸತ್ತ ಹವಳವಲ್ಲ



ನಾವು ಹವಳ ಎನ್ನುವುದನ್ನು ನೆರೆಮನೆಯ ಮಲಯಾಳಿ ಬಂಧುಗಳು ಪವಿಳಂ ಎನ್ನುತ್ತಾರೆ. ಯಾವ ಭಾಷೆಯಲ್ಲಿ ಕೇಳಿದರೂ ನಮಗೆ ಮೊದಲು ನೆನಪಾಗುವುದು ಸರ ಮತ್ತು ಉಂಗುರ. ಆದರೆ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಪುಟ್ಟ ಪುಟ್ಟ ಪ್ರಾಣಿಗಳು ಸಾವಿರಗಟ್ಟಲೆ ಒಂದಾಗಿ, ಸುಣ್ಣದ ಮನೆ ಕಟ್ಟಿಕೊಂಡು ಬಾಳುವ ಸಂಸಾರವದು. ಪ್ರಾಣಿ ಎಂದಮೇಲೆ ಅದಕ್ಕೂ ಕಾಯಿಲೆ ಉಂಟು.

ಇದರಿಂದ ನಮಗೇನು ಎನ್ನಬೇಡಿ. ನಮ್ಮ ನಾಯ್ಮಾರ್ಮೂಲೆಯ ಸುತ್ತಮುತ್ತ ಗಲ್ಫಿನ ನಂಟಿಲ್ಲದ ಮನೆಗಳು ಕಡಿಮೆ. ಅಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವ ಹವ್ಯಾಸದವರಿದ್ದಾರೆ. “ಹವಳ ಬೆಳ್ಳಗಾಯಿತು ಮಾವ, ಯಾವ ಮದ್ದು ಹಾಕಲಿ?” ಎಂದು ನನ್ನ ಸೋದರಳಿಯ ಅಲ್ಲಿಂದ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದಾಗ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಊರಿನಲ್ಲಿ ಸಾಕಬೇಕೆನ್ನುವವರಿಗೆ ಮೊದಲೇ ಒಂದು ಮಾತು. ಬಂಡೆ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಗೆ ಸೇರಿಸಲಾಗಿದೆ. ಹುಲಿಯೂ ಆನೆಯೂ ಇರುವುದು ಅದೇ ಪಟ್ಟಿಯಲ್ಲಿ. ಆದ್ದರಿಂದ ಯಾವ ಹವಳವನ್ನೇ ಆಗಲಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಮನೆಗೆ ತರಬೇಡಿ.

ಇನ್ನು ಹವಳ ಬಿಳಿಚುವುದೇಕೆ? ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆ. ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳದ ಬಣ್ಣಕ್ಕೂ ಬಹುಮಟ್ಟಿಗೆ ಇದೇ ಕಾರಣ. ನೀರು ಬಿಸಿಯಾದಾಗ, ಬೆಳಕು ಅತಿಯಾದಾಗ, ಉಪ್ಪು ಏರುಪೇರಾದಾಗ ಹವಳ ಈ ಪಾಚಿಯನ್ನು ಹೊರಹಾಕುತ್ತದೆ. ಆಗ ತೆಳು ಮೈಯ ಮೂಲಕ ಒಳಗಿನ ಸುಣ್ಣ ಬೆಳ್ಳಗೆ ಕಾಣುತ್ತದೆ. ಅಂದರೆ ಬಿಳಿಚಿದ ಹವಳ ಸತ್ತಿಲ್ಲ, ಹಸಿದಿದೆ. ಬೇಗನೆ ನೀರು ಸರಿಹೋದರೆ ಪಾಚಿ ಮರಳಿ ಬರಬಹುದು, ಹವಳವೂ ಬದುಕಬಹುದು. ಮೈಯೇ ಸುಲಿದು ಬರಿಯ ಸುಣ್ಣ ಉಳಿದಿದ್ದರೆ ಮಾತ್ರ ಆ ಭಾಗ ಸತ್ತಿದೆ ಎಂದು ತಿಳಿಯಿರಿ.

ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದಿದ್ದರೆ ನಾವು ಮೊದಲು ಆ ದಿನದ ವೋಚರುಗಳನ್ನು ತೆಗೆದು ನೋಡುತ್ತಿದ್ದೆವು. ಇಲ್ಲಿಯೂ ಮೊದಲು ನೋಡಬೇಕಾದದ್ದು ನೀರಿನ ಲೆಕ್ಕ. ಶಾಖ 24ರಿಂದ 27 ಡಿಗ್ರಿ ಸೆಲ್ಸಿಯಸ್, ಉಪ್ಪು ಲೀಟರಿಗೆ ಸುಮಾರು 35 ಗ್ರಾಂ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರಲಿ. ಅಳೆದದ್ದನ್ನು ಪುಸ್ತಕದಲ್ಲಿ ಬರೆದಿಡಿ. ಅಂಕಿ ತುಸು ಹೆಚ್ಚುಕಡಿಮೆ ಇರುವುದಕ್ಕಿಂತ ದಿನಕ್ಕೊಂದು ರೀತಿ ಜಿಗಿಯುವುದು ಹೆಚ್ಚು ಹಾನಿಕರ.

ತೊಟ್ಟಿಯ ನೀರು ಆರಿದರೆ ಉಪ್ಪುನೀರು ಸೇರಿಸಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಶುದ್ಧೀಕರಿಸಿದ ಸಿಹಿನೀರನ್ನೇ ಸ್ವಲ್ಪಸ್ವಲ್ಪವಾಗಿ ಹಾಕಿ. ಕಾಸರಗೋಡಿನ ಕಡಲು ಹತ್ತಿರವೇ ಇದೆಯಲ್ಲ ಎಂದು ಮಳೆಗಾಲದಲ್ಲಿ ಅಲ್ಲಿಂದ ನೀರು ತುಂಬಿ ತರುವುದೂ ಸಲ್ಲದು. ಚಂದ್ರಗಿರಿ ಹೊಳೆಯ ಕೆಸರುನೀರು ಸೇರಿ ಆಗ ಕರಾವಳಿಯ ಉಪ್ಪು ತಗ್ಗಿರುತ್ತದೆ. ಬಿಳಿಚಿದ ಹವಳಕ್ಕೆ ಬೆಳಕನ್ನು ಕೆಲವು ದಿನ ಕಡಿಮೆ ಮಾಡಿ; ನೀರಿನ ಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಶಾಖ ಇಳಿಯುತ್ತದೆ.

ಮದ್ದಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ನಮಗೆ ಮೈಲುತುತ್ತು ಬೆಳೆ ಉಳಿಸುವ ವಸ್ತು. ಅದರಲ್ಲಿರುವ ತಾಮ್ರ ಹವಳಕ್ಕೆ ಕಡುವಿಷ. ಮೀನಿನ ಬಿಳಿಚುಕ್ಕೆ ರೋಗದ ಹಲವು ಮದ್ದುಗಳಲ್ಲಿಯೂ ತಾಮ್ರವಿದೆ. ಅಂಥದನ್ನು ಹವಳದ ತೊಟ್ಟಿಗೆ ಸುರಿಯಬಾರದು. ಮೀನನ್ನೇ ಬೇರೆ ತೊಟ್ಟಿಗೆ ಹಾಕಿ ಮದ್ದು ಮಾಡಬೇಕು. ಹವಳದ ಮೈ ಒಂದು ಕಡೆಯಿಂದ ಸುಲಿಯುತ್ತಾ ಬಂದರೆ, ತೆಂಗಿನ ಸುಳಿಕೊಳೆಗೆ ಕೊಳೆತದ್ದನ್ನು ಕತ್ತರಿಸುವಂತೆ, ಆರೋಗ್ಯವಿರುವ ತುಂಡನ್ನು ಬೇರ್ಪಡಿಸಿ ಉಳಿಸಿಕೊಳ್ಳಬಹುದು. ಗುಂಡಿಯಾಕಾರದ ಕೆಲವು ಮೃದು ಹವಳಗಳಲ್ಲಿ ಮನುಷ್ಯರಿಗೂ ಅಪಾಯಕಾರಿಯಾದ ವಿಷವಿದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಅವು ಅಂಟಿದ ಕಲ್ಲನ್ನು ಕುದಿಸಲೇಬೇಡಿ.

ತೊಟ್ಟಿಯ ಈ ಕಾಯಿಲೆಯೇ ಇಂದು ಕಡಲಿಗೂ ತಗಲಿದೆ. ನಮ್ಮ ಪಡುವಣದ ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಕಡಲು ಕಾದು ಹವಳಗಳು ಬಿಳಿಚಿದವು. 2024ರಲ್ಲಿ ಮತ್ತೆ ಹಾಗಾಯಿತೆಂದು ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಿಳಿಸಿತು. ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಬಿಸಿ ಬಂದರೆ ಹಸಿದ ಹವಳ ಉಳಿಯುವುದು ಕಷ್ಟ. ಅಲೆಯನ್ನು ತಡೆಯುವ ಆ ಹವಳದ ದಿಬ್ಬಗಳೇ ದ್ವೀಪದವರ ಕೋಟೆ. ತೊಟ್ಟಿಗೆ ಫ್ಯಾನು ಇಡಬಹುದು, ಕಡಲಿಗೆ ಇಡುವುದೆಲ್ಲಿ?

ನೀವು ಲಕ್ಷದ್ವೀಪಕ್ಕೋ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೋ ಹೋದರೆ ಹವಳವನ್ನು ತುಳಿಯಬೇಡಿ; ನೆನಪಿಗೆಂದು ತುಂಡನ್ನೂ ತರಬೇಡಿ. ಅಲ್ಲಿ ಬೆಳ್ಳಗೆ ಕಂಡದ್ದು ಇನ್ನೂ ಬದುಕಿರಬಹುದು.