ಬಾಯ್ಲರು ಮತ್ತು ಬಾಯ್ಲರ್ ಕಾನೂನು



1803ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಳಿಯ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರ್ ಕೂರಿಸಿದ್ದ ಬಾಯ್ಲರೊಂದು ಸಿಡಿದು ನಾಲ್ವರು ಸತ್ತರು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದ. ಸೇಫ್ಟಿ ವಾಲ್ವು ಮೇಲೇಳದಂತೆ ಸ್ಪ್ಯಾನರ್ ಸಿಕ್ಕಿಸಲಾಗಿತ್ತು. ಹೆಚ್ಚಿನ ಒತ್ತಡದ ಹಬೆಯೇ ಅಪಾಯ ಎಂದು ಟ್ರೆವಿಥಿಕ್‌ನ ಪ್ರತಿಸ್ಪರ್ಧಿಗಳಾದ ಜೇಮ್ಸ್ ವಾಟ್ ಕಡೆಯವರು ಗುಲ್ಲೆಬ್ಬಿಸಿದರು. ಟ್ರೆವಿಥಿಕ್ ಎರಡು ವಾಲ್ವು ಇಟ್ಟ, ಜೊತೆಗೆ ಸೀಸದ ಬಿರಡೆಯನ್ನೂ ಕೂರಿಸಿದ. ನೀರು ಇಳಿದು ತಗಡು ಕಾದರೆ ಸೀಸ ಕರಗುತ್ತದೆ, ಹಬೆ ನುಗ್ಗಿ ಬೆಂಕಿಯನ್ನೇ ಆರಿಸುತ್ತದೆ. ಹುಡುಗನನ್ನು ಬೈಯುವ ಬದಲು, ಮುಂದಿನ ಹುಡುಗ ಅದೇ ತಪ್ಪು ಮಾಡಿದರೂ ಜೀವ ಉಳಿಯಲಿ ಎಂದು ಯೋಚಿಸಿದ ಆ ಬುದ್ಧಿ ನನಗೆ ಬಹಳ ಹಿಡಿಸುತ್ತದೆ.

ಯಂತ್ರ ಸರಿಯಾಯಿತು, ಮಾಲೀಕನನ್ನು ಸರಿದಾರಿಗೆ ತರುವುದು ಹೇಗೆ? ಮ್ಯಾಂಚೆಸ್ಟರಿನ ಬಟ್ಟೆ ಗಿರಣಿಯವರಿಗೆ ಸರ್ಕಾರಿ ಇನ್‌ಸ್ಪೆಕ್ಟರ್ ಎಂದರೆ ಆಗುತ್ತಿರಲಿಲ್ಲ. 1854ರ ಸುಮಾರಿಗೆ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ ಮೊದಲಾದವರು ಅಲ್ಲಿ ಒಂದು ಸಂಘ ಕಟ್ಟಿದರು. ಸ್ಫೋಟ ತಡೆಯುವುದರ ಜೊತೆಗೆ ಹಬೆಯ ಖರ್ಚು ತಗ್ಗಿಸುವುದೂ ಅದರ ಉದ್ದೇಶವಾಗಿತ್ತು. ಜಾಣತನ ಇರುವುದೇ ಇಲ್ಲಿ. ಬಾಯ್ಲರ್ ನೋಡಲು ಬಂದವನು ಬಿರುಕನ್ನೂ ತೋರಿಸುತ್ತಿದ್ದ, ಕಲ್ಲಿದ್ದಲು ಎಲ್ಲಿ ಪೋಲಾಗುತ್ತಿದೆ ಎಂಬುದನ್ನೂ ಹೇಳುತ್ತಿದ್ದ. ಅಂಥವನಿಗೆ ಬಾಗಿಲು ಮುಚ್ಚುವವರು ಯಾರು? ಆಮೇಲೆ ವಿಮಾ ಕಂಪನಿಗಳು ಬಂದವು. ದಂಡ ಬೀಳುವುದು ತಪ್ಪಾದ ಮೇಲೆ. ವಿಮೆಯ ಕಂತು ಕೇಳುವುದು ಮೊದಲೇ. ಬಾಯ್ಲರ್ ಸಿಡಿದರೆ ದುಡ್ಡು ಕಳೆದುಕೊಳ್ಳುವ ಮೂರನೆಯವನೊಬ್ಬ ಹುಟ್ಟಿಕೊಂಡಾಗಲೇ ತಪಾಸಣೆಗೆ ಬಲ ಬಂದದ್ದು.

ಜರ್ಮನಿಯಲ್ಲೂ ಇದೇ ಆಯಿತು. 1865ರಲ್ಲಿ ಮಾನ್‌ಹೈಮ್‌ನ ಬಿಯರ್ ಕಾರ್ಖಾನೆಯೊಂದರ ಬಾಯ್ಲರ್ ಸಿಡಿಯಿತು. ಮರುವರ್ಷ ಅಲ್ಲಿನ ಮಾಲೀಕರೇ ಸೇರಿ ತಪಾಸಣಾ ಸಂಘ ಮಾಡಿಕೊಂಡರು. ಇಂದಿನ ಟ್ಯೂಫ್ (TÜV) ತಪಾಸಣಾ ಸಂಸ್ಥೆಗಳ ಬೇರು ಅಲ್ಲಿದೆ. ಸಂಘ ಸೇರಿದವರಿಗೆ ಸರ್ಕಾರಿ ತಪಾಸಣೆಯಿಂದ ವಿನಾಯಿತಿ ಸಿಕ್ಕಿತು. ಬ್ರಿಟನ್ 1882ರ ಕಾಯಿದೆಯಲ್ಲೂ ತಪಾಸಣೆಯನ್ನು ಕಡ್ಡಾಯ ಮಾಡಲಿಲ್ಲ. ಸಿಡಿದರೆ ವಿಚಾರಣೆ ನಡೆಸಿ ವರದಿ ಬಹಿರಂಗಪಡಿಸುತ್ತೇವೆ ಎಂದಿತು, ಅಷ್ಟೇ.

ಅಮೆರಿಕದ ಬ್ರಾಕ್ಟನ್ನಿನಲ್ಲಿ 1905ರ ಮಾರ್ಚ್ 20ರಂದು ಗ್ರೋವರ್ ಶೂ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಮಂದಿ ತೀರಿಕೊಂಡರು. ಆಗಿನ ಬಾಯ್ಲರುಗಳಲ್ಲಿ ತಗಡಿನ ಒಂದು ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿ ರಿವೆಟ್ ಹೊಡೆಯುತ್ತಿದ್ದರು. ಹಾಗೆ ಮಾಡಿದರೆ ಪೀಪಾಯಿ ಪೂರ್ತಿ ದುಂಡಗಾಗುವುದಿಲ್ಲ. ಒತ್ತಡ ಏರಿದಾಗಲೆಲ್ಲ ಅದು ದುಂಡಗಾಗಲು ಹೆಣಗುತ್ತದೆ, ಜೋಡಣೆಯ ಬಳಿ ತಗಡು ಬಾಗುತ್ತದೆ, ಇಳಿದಾಗ ಮತ್ತೆ ಹಿಂದಕ್ಕೆ. ವರ್ಷಗಟ್ಟಲೆ ಹೀಗಾಗಿ ಹೊದಿಕೆಯ ಒಳಗೇ ಬಿರುಕು ಹುಟ್ಟುತ್ತದೆ. ಹೊರಗೆ ನಿಂತವನ ಕಣ್ಣಿಗೆ ಬೀಳುವುದೇ ಇಲ್ಲ. ತಪಾಸಣೆಯೊಂದೇ ಸಾಲದು, ಕಟ್ಟುವ ರೀತಿಗೂ ನಿಯಮ ಬೇಕು ಎಂಬುದು ಮನದಟ್ಟಾಗಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಬಾಯ್ಲರ್ ಸಂಹಿತೆ ಬಂದದ್ದು ಇದರ ನಂತರ.

ಇನ್ನು ನಮ್ಮ ದೇಶ. 1863ರಲ್ಲಿ ಕಲ್ಕತ್ತೆಯಲ್ಲಿ ಜೀವಹಾನಿಯಾದ ಸ್ಫೋಟದ ಬೆನ್ನಿಗೇ, 1864ರಲ್ಲಿ, ಬಂಗಾಳದಲ್ಲಿ ತಪಾಸಣೆಯ ಕಾಯಿದೆ ಬಂತು. ಮುಂದೆ ಪ್ರಾಂತ್ಯಕ್ಕೊಂದು ಕಾನೂನಾಗಿ ಗೊಂದಲ ಬೆಳೆದಾಗ, ಎಲ್ಲಕ್ಕೂ ಒಂದೇ ಆಗಿ ಬಂದದ್ದು 1923ರ ಬಾಯ್ಲರ್ ಕಾಯಿದೆ. ವಾಲ್ವನ್ನು ಕೆಡಿಸಿ ಇಡುವುದನ್ನು ಅದು ಬಿಡಿಸಿ ಹೆಸರಿಸಿ ಅಪರಾಧ ಎಂದಿತು. 1950ರಲ್ಲಿ ಅದರ ವಿವರವಾದ ನಿಯಮಾವಳಿ ಬಂತು. ಕರ್ನಾಟಕದಲ್ಲಿ ತಪಾಸಣೆಯ ಕೆಲಸ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯದು. ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಬಾಯ್ಲರ್ ಆರಿಸಿ, ತಣಿಸಿ, ಬಾಯಿ ತೆರೆದಿಡಬೇಕು. ಅವರು ಟಾರ್ಚು, ಸುತ್ತಿಗೆ ಹಿಡಿದು ಒಳಗೆ ನುಸುಳುತ್ತಾರೆ, ತಗಡನ್ನು ಬಡಿದು ಸದ್ದು ಆಲಿಸುತ್ತಾರೆ. ಒತ್ತಡದ ಪರೀಕ್ಷೆ ಮಾಡುವುದು ತಣ್ಣೀರಿನಿಂದ. ನೀರು ಹಬೆಯಂತೆ ಹಿಗ್ಗುವುದಿಲ್ಲವಾದ್ದರಿಂದ ತಗಡು ಸೀಳಿದರೂ ಚಿಮ್ಮಿ ಸೋರುತ್ತದೆಯೇ ಹೊರತು ಕಟ್ಟಡ ಹಾರಿಸುವುದಿಲ್ಲ. (ಮನೆಯ ಪುಟ್ಟ ಇಡ್ಲಿ ಕುಕ್ಕರಿನವರು ಹೆದರಬೇಕಾಗಿಲ್ಲ, 25 ಲೀಟರಿಗಿಂತ ಚಿಕ್ಕದು ಈ ಕಾನೂನಿಗೆ ಸೇರುವುದಿಲ್ಲ!)

ತಪಾಸಣೆಯ ಜೊತೆಗೇ ರಿಪೇರಿಯೂ ಇದೆ, ಗುತ್ತಿಗೆದಾರರ ಮಾತು ಇಲ್ಲಿ ಬರುತ್ತದೆ. ಬಾಯ್ಲರ್ ಸದಾ ಹೊಸದಾಗಿರುವುದಿಲ್ಲ. ಟ್ಯೂಬು ಬದಲಿಸಬೇಕು, ವೆಲ್ಡಿಂಗ್ ಮಾಡಬೇಕು. ನಮ್ಮ ನಿಯಮಗಳ ಪ್ರಕಾರ ರಿಪೇರಿಗೂ ಅನುಮತಿ ಬೇಕು, ವೆಲ್ಡರನ ಬಳಿ ಪರೀಕ್ಷೆ ಪಾಸಾದ ಪ್ರಮಾಣಪತ್ರ ಇರಬೇಕು, ರಿಪೇರಿ ಮಾಡುವವರಿಗೆ ವಿಶೇಷ ದರ್ಜೆ ಮತ್ತು ಒಂದರಿಂದ ಮೂರನೆಯ ದರ್ಜೆ ಎಂಬ ಮೆಟ್ಟಿಲುಗಳಿವೆ. ಉಪಕರಣ, ನುರಿತ ಕೆಲಸಗಾರರು ಹೆಚ್ಚಿದಷ್ಟೂ ಮೇಲಿನ ದರ್ಜೆ. ಮೇಲಿನ ದರ್ಜೆಗೆ ದೊಡ್ಡ ಕೆಲಸ. ಮ್ಯಾಂಚೆಸ್ಟರಿನವರ ಯುಕ್ತಿಯೇ ಇದು, ಸರಿಯಾಗಿ ನಡೆದುಕೊಂಡವನಿಗೆ ಲಾಭ. ಆದರೆ ಸಕ್ಕರೆ ಕಾರ್ಖಾನೆಯನ್ನು ನೋಡಿ: ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ರಿಪೇರಿ ಮುಗಿಯಲೇಬೇಕು. ಟೆಂಡರ್ ಸಿಗುವುದು ಕಡಿಮೆ ದರಕ್ಕೆ. ಅವಸರವೂ ಅಗ್ಗವೂ ಸೇರಿದ ಕಡೆ ಪ್ರಮಾಣಪತ್ರವಿರುವ ವೆಲ್ಡರನ ಹೆಸರು ಕಾಗದದಲ್ಲಿದ್ದು, ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವ ಸಂಭವ ಇದ್ದೇ ಇದೆ. ಬಾಯ್ಲರ್ ಸಿಡಿದರೆ ಪೆಟ್ಟು ಬೀಳುವುದು ಅಲ್ಲಿ ದುಡಿಯುವವರಿಗೆ: 2020ರ ಜುಲೈ 1ರಂದು ನೆಯ್ವೇಲಿಯ ವಿದ್ಯುತ್ ಸ್ಥಾವರದ ಬಾಯ್ಲರ್ ದುರಂತದಲ್ಲಿ ಮಡಿದವರಲ್ಲಿ ಗುತ್ತಿಗೆ ಕಾರ್ಮಿಕರಿದ್ದರು.

1923ರ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯಿದೆ ಬಂದಿದೆ. ಪ್ರಾಣಕ್ಕೆ ಕುತ್ತು ತರುವಂಥ ದೊಡ್ಡ ಅಪರಾಧಗಳಿಗೆ ಮಾತ್ರ ಕ್ರಿಮಿನಲ್ ಶಿಕ್ಷೆ ಉಳಿಸಿಕೊಂಡು, ಸಣ್ಣ ಲೋಪಗಳಿಗೆ ಹಣದ ದಂಡವನ್ನಷ್ಟೇ ಇಟ್ಟಿದೆ. ಇದು ಸರಿ ಎಂದೇ ನನ್ನ ಅಭಿಪ್ರಾಯ, ಅರ್ಜಿ ತಡವಾದದ್ದಕ್ಕೆ ಯಾರೂ ಜೈಲಿಗೆ ಹೋಗಬೇಕಾಗಿಲ್ಲ. ಆದರೆ ಟೆಂಡರ್ ತೆರೆಯುವ ಮೇಜಿನ ಮೇಲೆ ದರದ ಪಕ್ಕದಲ್ಲಿ ಗುತ್ತಿಗೆದಾರನ ಹಿಂದಿನ ಕೆಲಸದ ದಾಖಲೆಯನ್ನೂ ಇಟ್ಟು ತೂಗುವುದು ಕಾರ್ಖಾನೆಯವರ ಕೈಯಲ್ಲಿದೆ.