ಓಪಿಯಾಯ್ಡ್ ಬಿಕ್ಕಟ್ಟು: ಠಾಣೆಯ ಬಾಗಿಲು ಯಾವ ಕಡೆಗೆ ತೆರೆಯಬೇಕು?



2023ರಲ್ಲಿ ಅಮೆರಿಕದಲ್ಲಿ ಮಾದಕ ದ್ರವ್ಯಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸುಮಾರು ಮುಕ್ಕಾಲು ಪಾಲು ಸಾವುಗಳಲ್ಲಿ ಓಪಿಯಾಯ್ಡ್‌ಗಳ ಪಾತ್ರವಿತ್ತು. ಅವುಗಳಲ್ಲಿ ಬಹುಪಾಲು ಫೆಂಟನಿಲ್. ಉಸಿರು ನಿಂತ ಮೇಲೆ ಜೀವ ಉಳಿಸಲು ಸಿಗುವುದು ಕೆಲವೇ ನಿಮಿಷ. 911ಕ್ಕೆ ಕರೆ ಹೋದಾಗ ಅನೇಕ ಊರುಗಳಲ್ಲಿ ಆಂಬುಲೆನ್ಸಿಗಿಂತ ಮೊದಲು ತಲುಪುವುದು ಪೊಲೀಸ್ ಕಾರು. ಆ ಕಾರಿನಿಂದ ಇಳಿಯುವವರ ಕೈಯಲ್ಲಿ ಏನಿರಬೇಕು, ಬೇಡಿಯೋ ಔಷಧವೋ, ಎಂಬುದರ ಮೇಲೆ ಜೀವಗಳು ನಿಂತಿವೆ.

ಮ್ಯಾಸಚೂಸೆಟ್ಸ್‌ನ ಕ್ವಿನ್ಸಿ ನಗರ 2010ರಲ್ಲೇ ತನ್ನ ಗಸ್ತು ಪೊಲೀಸರಿಗೆ ನಲಾಕ್ಸೋನ್ ಸ್ಪ್ರೇ ಕೊಟ್ಟಿತು. ಅದೇ ರಾಜ್ಯದ ಮೀನುಗಾರರ ಪಟ್ಟಣ ಗ್ಲಾಸ್ಟರ್ 2015ರ ಜೂನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಠಾಣೆಗೆ ಬಂದು ನೆರವು ಕೇಳುವ ವ್ಯಸನಿಯನ್ನು ಬಂಧಿಸುವುದಿಲ್ಲ, ಚಿಕಿತ್ಸೆಗೆ ಸೇರಿಸುತ್ತೇವೆ ಎಂದು ಅಲ್ಲಿನ ಪೊಲೀಸ್ ಮುಖ್ಯಸ್ಥ ಲಿಯೊನಾರ್ಡ್ ಕ್ಯಾಂಪನೆಲ್ಲೊ ಘೋಷಿಸಿದರು. ಮೊದಲ ವರ್ಷದಲ್ಲಿ 376 ಮಂದಿ 429 ಬಾರಿ ಆ ಬಾಗಿಲು ತಟ್ಟಿದರು. ಭಯವಿಲ್ಲದಿದ್ದರೆ ಜನ ತಾವಾಗಿಯೇ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಇಂಡಿಯಾನಾಪೊಲಿಸ್‌ನ ಅಂಕಿಅಂಶಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೊಲೀಸರು ಓಪಿಯಾಯ್ಡ್ ವಶಪಡಿಸಿಕೊಂಡ ಜಾಗದ ಸುತ್ತಮುತ್ತ ಮುಂದಿನ ವಾರಗಳಲ್ಲಿ ಅತಿಸೇವನೆಯ ಪ್ರಕರಣಗಳು ಏರಿದವು. ಕಾರಣ ಊಹಿಸುವುದು ಕಷ್ಟವಲ್ಲ. ಪರಿಚಿತ ಮಾರಾಟಗಾರ ಜೈಲು ಸೇರಿದಾಗ ವ್ಯಸನ ಅವನ ಹಿಂದೆ ಹೋಗುವುದಿಲ್ಲ. ಕೆಲದಿನ ಸರಕಿಲ್ಲದೆ ದೇಹದ ಸಹಿಷ್ಣುತೆ ತಗ್ಗುತ್ತದೆ. ಆಮೇಲೆ ಸಿಗುವ ಹೊಸ ಪುಡಿಯ ತೀವ್ರತೆ ಯಾರಿಗೂ ಗೊತ್ತಿರುವುದಿಲ್ಲ. ಅಂದರೆ, ಯಶಸ್ಸೆಂದು ಪತ್ರಿಕೆಗಳಲ್ಲಿ ಅಚ್ಚಾಗುವ ದಾಳಿಯ ಬೆನ್ನಲ್ಲೇ ಸಾವು ಬರಬಹುದು.

ಜೊತೆಗಿದ್ದವರು 911ಕ್ಕೆ ಕರೆ ಮಾಡಲು ಅಂಜಬಾರದೆಂದು ನ್ಯೂ ಮೆಕ್ಸಿಕೊ 2007ರಲ್ಲಿ ರಕ್ಷಣಾ ಕಾನೂನು ತಂದಿತು. ಇಂದು ಬಹುತೇಕ ರಾಜ್ಯಗಳಲ್ಲಿ ಅಂಥ ಕಾನೂನಿದೆ. ಆದರೆ ರಕ್ಷಣೆಯ ವ್ಯಾಪ್ತಿ ಒಂದೊಂದು ಕಡೆ ಒಂದೊಂದು ಬಗೆ. ವಲಸಿಗರಿಗೆ ಇಲ್ಲೇ ತೊಡಕು. ಸ್ವಂತ ಬಳಕೆಗೆ 30 ಗ್ರಾಂವರೆಗಿನ ಗಾಂಜಾ ಹೊಂದಿದ್ದ ಒಂದೇ ಒಂದು ಪ್ರಕರಣವನ್ನು ಬಿಟ್ಟರೆ, ಮಾದಕವಸ್ತು ಅಪರಾಧದ ತೀರ್ಪು ನಾಗರಿಕರಲ್ಲದವರ ಗಡೀಪಾರಿಗೆ ಆಧಾರವಾಗುತ್ತದೆ. ರಾಜ್ಯದ ಕಾನೂನು ಮೊಕದ್ದಮೆಯನ್ನು ತಡೆಯಬಹುದು, ಒಕ್ಕೂಟದ ವಲಸೆ ಅಧಿಕಾರಿಗಳನ್ನು ಕಟ್ಟಿಹಾಕಲಾರದು. ವೀಸಾದ ಮೇಲಿರುವ ವಿದ್ಯಾರ್ಥಿ ಗೆಳೆಯನ ನೀಲಿಗಟ್ಟಿದ ತುಟಿಗಳನ್ನು ನೋಡುತ್ತಾ ಫೋನ್ ಹಿಡಿದು ತಡವರಿಸುವ ಆ ಕ್ಷಣವನ್ನು ಯಾವ ಪೊಲೀಸ್ ಸುಧಾರಣೆಯೂ ಒಂಟಿಯಾಗಿ ಅಳಿಸಲಾರದು.

ಹಾಗಾಗಿ ಕೇಳಬೇಕಾದ್ದು ಸ್ಪಷ್ಟ. ಪೊಲೀಸರು ಜೀವ ಉಳಿಸಲಿ, ಚಿಕಿತ್ಸೆಯ ದಾರಿ ತೋರಲಿ; ಕರೆ ಮಾಡಿದವರ ಮೇಲೆ ಮೊಕದ್ದಮೆ ಹೂಡದಿರಲಿ, ವಲಸೆ ಸ್ಥಿತಿಯನ್ನು ಕೇಳದಿರಲಿ. ಚಿಕಿತ್ಸೆಯ ಹೊಣೆ ಮತ್ತು ಹಣ ಆರೋಗ್ಯ ಇಲಾಖೆಯ ಪಾಲಿಗಿರಲಿ. ನಲಾಕ್ಸೋನ್ 2023ರಿಂದ ವೈದ್ಯರ ಚೀಟಿಯಿಲ್ಲದೆ ಅಂಗಡಿಗಳಲ್ಲಿ ದೊರೆಯುತ್ತಿದೆ. ಪ್ರತಿ ಕನ್ನಡ ಸಂಘದ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಅದೊಂದು ಇರಲಿ. ನಮ್ಮವರ ಮನೆಗಳಲ್ಲಿ ಇಂಥದ್ದು ನಡೆಯುವುದಿಲ್ಲ ಎಂಬ ಮಾತು ಮಾನವನ್ನು ಕಾಯಬಹುದು, ಮಕ್ಕಳನ್ನಲ್ಲ.